ಬೇಗೂರಿನಲ್ಲಿ ನಿಂತುಹೋದ ಪುಟ

ಜಯನಗರದ ಕಚೇರಿಯಿಂದ ಮೆಕ್ಯಾನಿಕ್ ಬಸವರಾಜ್ ಅವರ ಬೈಕಿನಲ್ಲಿ ಹೊರಟಾಗಲೇ ನನಗೆ ಸಿಟ್ಟಿತ್ತು. ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಹಲ್ಲಿನಲ್ಲೆಲ್ಲ ಸಿಮೆಂಟಿನ ಧೂಳು.

ನಮ್ಮದು ಮನೆಯಲ್ಲಿರುವ ರೋಗಿಗಳಿಗೆ ಆಮ್ಲಜನಕದ ಯಂತ್ರ ಬಾಡಿಗೆಗೆ ಕೊಡುವ ಕಂಪನಿ. ಗ್ರಾಹಕರ ವಿಳಾಸ, ದೂರು, ಭೇಟಿ ಎಲ್ಲವೂ ಒಂದು ಸಾಫ್ಟ್‌ವೇರಿನಲ್ಲಿದ್ದವು. ಅದನ್ನು ಮೆಕ್ಯಾನಿಕ್‌ಗಳ ಫೋನಿಗೆ ಇಳಿಸುವ ಕೆಲಸ ನನ್ನದು. ಮೊದಲು ಯಂತ್ರದ ನಂಬರು, ಆಮೇಲೆ ದೋಷ, ಆಮೇಲೆ ಬದಲಿ ಯಂತ್ರಕ್ಕೆ ಕೋರಿಕೆ. ಒಂದು ಪುಟ ತುಂಬಿದರೆ ಮಾತ್ರ ಮುಂದಿನದು ತೆರೆಯುತ್ತಿತ್ತು. ಮಾರಾಟ ವಿಭಾಗದ ಮುಖ್ಯಸ್ಥ ಶ್ರೀಧರ್ ಇದರ ನಟ್ಟನಡುವೆ ವಾರ್ಷಿಕ ಬಾಡಿಗೆ ಯೋಜನೆಯ ಜಾಹೀರಾತು ತೋರಿಸಿ ಗ್ರಾಹಕರ ಸಹಿ ಕೇಳುವ ಪುಟವೊಂದನ್ನು ತುರುಕಿಸಿದ್ದರು. ಬೇಡವೆಂದು ಮೀಟಿಂಗಿನಲ್ಲಿ ಜಗಳವಾಡಿದ್ದೆ. "ಕೊನೇಲಿ ಹಾಕಿದ್ರೆ ಯಾರೂ ನೋಡಲ್ಲ ಮೇಡಂ" ಎಂದು ನಕ್ಕಿದ್ದರು. ಮೆಕ್ಯಾನಿಕ್‌ಗಳಿಗೆಲ್ಲ ಹಂಚಿದ್ದ ಹೊಸ ಫೋನಿನೊಂದಿಗೆ ಇದು ಮೊದಲ ಭೇಟಿ, ಪರೀಕ್ಷೆಗೆಂದು ನಾನೂ ಹೊರಟಿದ್ದೆ.

ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯೆದುರು ನಿಂತು ಇಡ್ಲಿ ತಿಂದೆವು. ಚಟ್ನಿ ನೀರಾಗಿತ್ತು. ಬಸವರಾಜ್ ಬಾಗಲಕೋಟೆ ಕಡೆಯವರು, ಬಿಟಿಎಮ್ ಬಡಾವಣೆಯಲ್ಲಿ ಬಾಡಿಗೆಗಿದ್ದರು. "ಈ ಫೋನ್ ಕೈಯಾಗ ಹಿಡದ್ರ ಸಾಲಿ ಮಾಸ್ತರ್ ಎದುರಿಗೆ ನಿಂತಂಗ ಆಗ್ತದ್ರಿ ಮೇಡಂ" ಎಂದರು. ಆ ದಿನ ನಾನು ನಕ್ಕಿದ್ದು ಅದೊಂದೇ ಸಲ.

ಬೇಗೂರಿನ ಮನೆ ನಾಗೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಹಿಂದೆ ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಸಾಲು. ಅವುಗಳ ಯಜಮಾನರಾದ ಮುನಿಯಪ್ಪನವರು ಮಂಚದಲ್ಲಿ ದಿಂಬಿಗೊರಗಿ ಕುಳಿತಿದ್ದರು. ಅವರ ಯಂತ್ರ ಬೆಳಿಗ್ಗೆಯೇ ನಿಂತುಹೋಗಿತ್ತು. ಪಕ್ಕದಲ್ಲಿದ್ದ ತುರ್ತು ಸಿಲಿಂಡರಿನ ಮುಳ್ಳು ಕೆಂಪು ಗುರುತಿನ ಹತ್ತಿರ ಬಂದಿತ್ತು. ಒಂದು ಮಾತಾಡಲು ಅವರಿಗೆ ಎರಡು ಸಲ ಉಸಿರೆಳೆಯಬೇಕಿತ್ತು.

ಯಂತ್ರ ಬಿಚ್ಚಿ ನೋಡಿದ ಬಸವರಾಜ್ ತಲೆಯಾಡಿಸಿದರು. ಒಳಗಿನ ಮೋಟರು ಸುಟ್ಟಿತ್ತು. ಬದಲಿ ಯಂತ್ರವೇ ಬರಬೇಕು. ಆದರೆ ಫೋನಿನಲ್ಲಿ ಜಾಹೀರಾತಿನ ಪುಟ ತೆರೆಯದೆ ಬಿಳಿಯಾಗಿ ನಿಂತಿತು. ಅದರ ಚಿತ್ರ ಕಚೇರಿಯಿಂದ ಇಳಿಯಬೇಕಿತ್ತು, ಆ ಮನೆಯೊಳಗೆ ಸಿಗ್ನಲ್ಲೇ ಇರಲಿಲ್ಲ. "ಮುಂದಕ್ಕ ಹೋಗವಲ್ದ್ರಿ" ಎಂದರು.

ಸೊಸೆ ಜಯಮ್ಮ ಇಣುಕಿ ನೋಡಿದಳು. "ಅದೇನಕ್ಕ ಅದು?"

"ಯೋಜನೆ ತೋರಿಸಿ ನಿಮ್ಮ ಸೈನ್ ತಗೋಬೇಕು" ಎಂದೆ.

"ಸೈನ್ ಹಾಕಿದ್ರೇನೇ ಮಿಷನ್ನಾ? ಮಾವ ಹಿಂಗವ್ರೆ, ಕಾಣ್ಸಲ್ವಾ ನಿಮ್ಗೆ?"

ಸಿಗ್ನಲ್ ಹುಡುಕುತ್ತ ತಾರಸಿಗೆ ಓಡಿದೆ. ಆ ಪುಟ ತೆರೆಯುವಷ್ಟಲ್ಲದಿದ್ದರೂ ಮಾತಾಡುವಷ್ಟು ಸಿಕ್ಕಿತು. ಶ್ರೀಧರ್‌ಗೆ ಫೋನ್ ಮಾಡಿ, ಆ ಪುಟ ದಾಟಿಸಿ ಗೋದಾಮಿನಿಂದ ಯಂತ್ರ ತರಿಸಲೇ ಎಂದು ಕೇಳಿದೆ.

"ಆ ಪೇಜ್ ಬೈಪಾಸ್ ಮಾಡ್ಬೇಡಿ, ರಿಪೋರ್ಟ್ ಹಾಳಾಗುತ್ತೆ" ಎಂದರು.

"ಸಾರ್, ಅವ್ರಿಗೆ ಉಸಿರಾಡಕ್ಕೆ ಆಗ್ತಿಲ್ಲ."

"ಸಿಲಿಂಡರ್ ಇದ್ಯಲ್ಲ?"

ಫೋನ್ ಕಟ್ ಮಾಡಿದೆ. ಬಸವರಾಜ್ ಅವರನ್ನು ಸಿಲಿಂಡರ್ ಬಳಿ ಬಿಟ್ಟು, ಆಟೋ ಹಿಡಿದು ಬೊಮ್ಮನಹಳ್ಳಿಯ ನಮ್ಮ ಗೋದಾಮಿಗೆ ಹೋದೆ. ಆಟೋದವನು ಮೀಟರಿನ ಮೇಲೆ ಅರ್ಧ ಹೆಚ್ಚಿಗೆ ಕೇಳಿದ. ಅವನ ಜೊತೆ ಜಗಳಕ್ಕೂ ಪುರುಸೊತ್ತಿರಲಿಲ್ಲ.

ಗೋದಾಮಿನ ರಾಜಣ್ಣ ಬಾಗಿಲಿಗೆ ಅಡ್ಡ ನಿಂತರು. "ಫೋನಿಂದ ಕೋರಿಕೆ ನಂಬರ್ ಬರ್ದೇ ಇದ್ರೆ ಹೆಂಗ್ ಕೊಡ್ಲಿ ಮೇಡಂ? ನನ್ ಕೆಲ್ಸ ಹೋಯ್ತದೆ."

"ನಾನೇ ಎತ್ಕೊಂಡು ಹೋದೆ ಅಂತ ಹೇಳಿ. ಹೋಗೋದಾದ್ರೆ ನನ್ ಕೆಲ್ಸ ಹೋಗ್ಲಿ!"

ನನ್ನ ದನಿಗೆ ರಸ್ತೆಯಲ್ಲಿದ್ದವರೂ ತಿರುಗಿ ನೋಡಿದರು. ರಾಜಣ್ಣ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು. ಆಮೇಲೆ ಅವರೇ ಯಂತ್ರವನ್ನು ಆಟೋಗೆ ಏರಿಸಿದರು. ಬೇಗೂರು ರಸ್ತೆಯ ಗುಂಡಿಗಳಲ್ಲಿ ಅದು ಉರುಳದಂತೆ ಎರಡೂ ಕೈಯಲ್ಲಿ ಅಪ್ಪಿ ಕುಳಿತೆ.

ಹೊಸ ಯಂತ್ರ ಗುರ್ರೆಂದಿತು. ನೀಲಿಗಟ್ಟಿದ್ದ ಮುನಿಯಪ್ಪನವರ ತುಟಿಗೆ ನಿಧಾನವಾಗಿ ಬಣ್ಣ ಬಂತು. "ಕೂತ್ಕೊಳ್ಳವ್ವ" ಎಂದರು. ಈ ಸಲ ಒಂದೇ ಉಸಿರಿನಲ್ಲಿ.

ಕಚೇರಿಗೆ ಮರಳಿದವಳೇ ಚಪ್ಪಲಿಯ ಧೂಳೂ ಕೊಡವದೆ ಕಂಪ್ಯೂಟರಿನ ಮುಂದೆ ಕುಳಿತು ಆ ಪುಟವನ್ನು ಎಲ್ಲ ಫೋನುಗಳಿಂದ ಕಿತ್ತುಹಾಕಿದೆ. ಶ್ರೀಧರ್ ಬಂದರು.

"ಯಾರನ್ನ ಕೇಳಿ ತೆಗೆದ್ರಿ? ಈಗ್ಲೇ ವಾಪಸ್ ಹಾಕಿ."

ನಾನು ಬಾಯಿ ತೆರೆಯುವ ಮುಂಚೆ, ಸುಟ್ಟ ಯಂತ್ರ ಇಳಿಸುತ್ತಿದ್ದ ಬಸವರಾಜ್ ಎಲ್ಲರೆದುರೂ ಹೇಳಿದರು: "ಹಾಕ್ರಿ ಸರ್. ಆದ್ರ ಇನ್ನ ಮ್ಯಾಲೆ ಆ ಫೋನ್ ತಗೊಂಡು ನೀವೇ ಹೋಗ್ರಿ. ನಾವ್ ಯಾರೂ ಮುಟ್ಟಂಗಿಲ್ಲ."

ಉಳಿದ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ತಮ್ಮ ಫೋನುಗಳನ್ನು ಮೇಜಿನ ಮೇಲಿಟ್ಟರು. ಶ್ರೀಧರ್ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಪುಟ ಮತ್ತೆ ಬರಲಿಲ್ಲ.

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಜಯಮ್ಮನಿಗೆ ಫೋನ್ ಮಾಡಿದೆ; ತಾರಸಿಗೆ ಬಂದಿದ್ದಳೇನೋ, ಸಿಕ್ಕಳು.

"ಮಾವ ಮುದ್ದೆ ಉಂಡ್ರು ಅಕ್ಕ, ಈಗ ಮಲಗವ್ರೆ" ಎಂದಳು. ಆಮೇಲೆ ಕೇಳಿದಳು, "ನಿಮ್ದು ಊಟ ಆಯ್ತಾ?"

ತುಂಬಿದ ಬಸ್ಸಿನಲ್ಲಿ, ಗುರುತಿಲ್ಲದವರ ನಡುವೆ, ನನಗೆ ಅಳು ಬಂದುಬಿಟ್ಟಿತು.