ಬುಗುರಿ ಉಳಿವೆಪ್ಪ
ತಲೆಗೆ ಸಾಬೂನು ಹಚ್ಚಿಕೊಂಡ ಹೊತ್ತಿಗೇ ನಳ ನಿಂತರೆ ಅದು ಉಳಿವೆಪ್ಪನ ಕೆಲಸವೆಂದು ಶಿಗ್ಗಾಂವಿಯ ಮೇಲಿನ ಓಣಿಯವರಿಗೆಲ್ಲ ಗೊತ್ತು. ನೀರಿನ ಟಾಕಿ ಕಾಯುವ ಈ ಮಹಾಶಯನಿಗೆ ಊರಿನ ಜನ ಕಾಣುವುದಿಲ್ಲ; ಕಾಣುವುದು ನಮ್ಮ ಓಣಿಗೆ ಹರಿಯುವ ನೀರನ್ನು ಅಳೆಯುವ ಗಾಜಿನ ಕೊಳವೆಯೊಳಗಿನ ಹಿತ್ತಾಳೆಯ ಬುಗುರಿ ಮಾತ್ರ. ಜಗಳಕ್ಕೆ ಹೋದರೆ ಪಾಠ ಶುರು: "ಕೊಳವಿ ಕೆಳಗ ಸಣ್ಣದು, ಮ್ಯಾಲ ಅಗಲ ಐತ್ರಿ. ನೀರು ಕೆಳಗಿಂದ ಬಂದು ಬುಗುರಿ ಎತ್ತತೈತಿ. ಸುತ್ತಲೂ ನೀರು ಹಾಯಾಕ ಸಾಕಷ್ಟು ಜಾಗ ಸಿಕ್ಕಲ್ಲೇ ಅದು ನಿಂದರ್ತೈತಿ. ಬುಗುರಿ ಎಷ್ಟು ಮ್ಯಾಲೋ, ನೀರು ಅಷ್ಟು ಜಾಸ್ತಿ!" ಕೊಳವೆಯ ಮೇಲಿನ ಅಂಕಿಗಳನ್ನಾದರೂ ಓದೋಣವೆಂದರೆ, ಅಮಾವಾಸ್ಯೆಗೊಮ್ಮೆ ಕೊಳವೆಗೆ ಪೂಜೆ ಮಾಡಿ ಅವನು ಬಳಿಯುವ ವಿಭೂತಿಯಡಿ ಅವೆಲ್ಲ ಮುಚ್ಚಿಹೋಗಿವೆ. ಈಗ ವಿಭೂತಿಯ ಮೂರು ಪಟ್ಟೆಗಳೇ ಅಳತೆ. ಬುಗುರಿ ನಡುಪಟ್ಟೆ ದಾಟಿತೋ, ನಮ್ಮ ಓಣಿಯ ನೀರು ಬಂದ್. "ಎಲ್ಲಾ ನೀವ ತುಂಬ್ಕೊಂಡ್ರ ಕೆಳಗಿನ ಓಣಿಯವರು ಏನ್ ಮಾಡ್ಬೇಕ್ರಿ?" ಎಂದು ನನ್ನನ್ನೇ ಕೇಳುತ್ತಾನೆ. ಮೊನ್ನೆಯಂತೂ, ಯುದ್ಧ ಶುರುವಾದಾಗಿನಿಂದ ಸಿಗುವುದೇ ಅಪರೂಪವಾದ ಸಾಬೂನು ತಲೆಯಲ್ಲೇ ಒಣಗುತ್ತಿರಲು, ಬೈಯುತ್ತ ಊರಾಚೆಯ ಓಣಿಯಲ್ಲಿನ ಅವನ ಮನೆಯ ತನಕ ಬೆನ್ನು ಹತ್ತಿದೆ. ಅವನ ಹೆಂಡತಿ ಹೊಳೆವ್ವ ಆಗತಾನೇ ಕೆರೆಯಿಂದ ಕೊಡ ಹೊತ್ತು ಬಂದಿದ್ದಳು. "ನಿನ್ನ ಗಂಡ ನಿಮ್ಮನಿ ನಳಾನೂ ಬಂದ್ ಮಾಡ್ಯಾನೇನು, ಯವ್ವಾ?" ಎಂದೆ. "ನಮ್ಮ ಓಣಿಗೆ ನಳ ಎಲ್ಲಿ ಐತ್ರೀ ಯಪ್ಪಾ? ತಲಿ ಬಗ್ಗಸ್ರಿ," ಎಂದವಳೇ ಕೊಡದ ನೀರನ್ನೆಲ್ಲ ನನ್ನ ತಲೆಯ ಮೇಲೆ ಸುರಿದಳು. ಉಳಿವೆಪ್ಪ ಖಾಲಿ ಕೊಡ ಎತ್ತಿಕೊಂಡು ಕೆರೆಯ ದಾರಿ ಹಿಡಿದ.