ಕರಡು ಹರಿಯುತ್ತಿದ್ದ ಕರುಪ್ಪಣ್ಣ

ನಮ್ಮ ದಿವ್ಯಾಳಿಗೆ ದಿಂಡಿಗಲ್ಲಿನಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು! ಇವತ್ತು ಜಾತಿ ಪ್ರಮಾಣಪತ್ರ ಕೊಟ್ಟು ಸೇರಿಸಿಯೇ ಬಂದೆವು. ನನ್ನ ಮೊಮ್ಮಗಳು ಬಿಳಿ ಕೋಟು ಹಾಕುತ್ತಾಳೆ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ಕಂಡಕ್ಟರಿಗೂ ಹೇಳಿದೆ. ಕರುಪ್ಪಣ್ಣನಿಗೆ ಮಾತ್ರ ಹೇಳಲಾಗಲಿಲ್ಲ. ಅವರು ಹೋಗಿ ಹದಿನೆಂಟು ದಿನ.

ಕಾಗದದ ಕಾಲದಲ್ಲಿ ಅವರು ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು. ಕರಡನ್ನು ಪೆನ್ಸಿಲಿನಲ್ಲೇ ಬರೆಯುವರು, ನನ್ನಂಥ ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವರು. ಸಹಿಯಾದ ಮೇಲೆ ಕರಡನ್ನು ನಾಲ್ಕು ಚೂರಾಗಿ ಹರಿದು ನಮ್ಮ ಕೈಗೇ ಕೊಡುವರು. “ತಗೋ ತಾಯಿ, ಒಲೆಗಾಕು. ಎರಡು ಕರಡು ಉಳಿದ್ರೆ ಒಂದಾಳು ಎರಡಾಗೋಯ್ತದೆ.”

ನನ್ನ ಗಂಡ ತೀರಿಕೊಂಡಾಗ ಹೊಲದ ಪಟ್ಟಾ ನನ್ನ ಹೆಸರಿಗೆ ಆಗಬೇಕಿತ್ತು. ಬೇರೆ ಯಾರೋ ಬರೆದ ಕರಡನ್ನು ಕರುಪ್ಪಣ್ಣ ಓದಿದರೆ ‘ಹೆಂಡತಿ ಇಲ್ಲ’ ಎಂದಿತ್ತು!

“ಇಲ್ಲಿ ನಿಂತಿರೋಳು ಏನು ದೆವ್ವಾನಾ ಅಣ್ಣಾ?” ಎಂದೆ.

“ಪೆನ್ಸಿಲು ತಾನೇ ತಾಯಿ, ಅಳಿಸಿದ್ರೆ ಬದುಕ್ಕೋತೀಯ” ಎಂದು ನಕ್ಕರು.

ಈಗ ಎಲ್ಲ ಕಂಪ್ಯೂಟರ್. ದಿವ್ಯಾಳ ಜಾತಿ ಪತ್ರಕ್ಕೆ ಅರ್ಜಿ ಹಾಕಿ ಮೂರು ತಿಂಗಳು ಅಲೆದೆ. ಹೋದಾಗಲೆಲ್ಲ ಒಂದೇ ಮಾತು: “ಡ್ರಾಫ್ಟ್‌ನಲ್ಲಿ ಇದೆ ಅಜ್ಜೀ.” ಯಾರ ಕೈಯಲ್ಲಿದೆ? ಯಾಕೆ ನಿಂತಿದೆ? ಕೇಳಿದರೆ ಮತ್ತೆ ಅದೇ. ಅತ್ತ ಕಾಲೇಜಿನವರು ತಿಂಗಳೊಳಗೆ ಪತ್ರ ತರದಿದ್ದರೆ ಸೀಟು ಬೇರೆಯವರಿಗೆ ಎಂದಿದ್ದರು. ಕೂಸು ಅನ್ನ ಬಿಟ್ಟಿತ್ತು.

ನಿವೃತ್ತರಾಗಿ, ಎದೆನೋವಿನಲ್ಲಿ ಮಲಗಿದ್ದ ಕರುಪ್ಪಣ್ಣ ಇದನ್ನು ಕೇಳಿದವರೇ ಎದ್ದು ಶರಟು ಹಾಕಿಕೊಂಡರು. ಆಟೋದಲ್ಲಿ ಬಂದು ಕಂಪ್ಯೂಟರಿನ ಹುಡುಗಿಯ ಮುಂದೆ ನಿಂತರು.

“ಓದಮ್ಮಾ, ಗಟ್ಟಿಯಾಗಿ.”

“ಡ್ರಾಫ್ಟ್‌ನಲ್ಲಿರೋದನ್ನ ಹೊರಗಿನವರಿಗೆ ಹೇಳೋ ಹಾಗಿಲ್ಲ ಅಯ್ಯಾ.”

“ಇವಳು ಹೊರಗಿನೋಳಾ? ಒಳಗಿರೋ ಹೆಸರು ಇವಳ ಮೊಮ್ಮಗಳದಲ್ವಾ?”

ಹುಡುಗಿ ಅಂಜುತ್ತಲೇ ಓದಿದಳು. ದಿವ್ಯಾಳ ಹೆಸರಲ್ಲಿ ಎರಡು ಡ್ರಾಫ್ಟ್! ಮೊದಲನೆಯದಕ್ಕೆ ಇನ್ಯಾರದೋ ಶಾಲೆಯ ಪತ್ರ ಸೇರಿತ್ತು. ಅದನ್ನು ತೆರೆದಿಟ್ಟ ಅಧಿಕಾರಿ ವರ್ಗವಾಗಿ ಹೋಗಿದ್ದರು. ಅದು ಮುಚ್ಚುವವರೆಗೆ ಸರಿಯಾದ ಎರಡನೆಯದು ಮುಂದೆ ಹೋಗುವುದಿಲ್ಲವಂತೆ. ಅವರದನ್ನು ತಾನು ಮುಟ್ಟುವಂತಿಲ್ಲವಂತೆ.

“ಊರು ಬಿಟ್ಟೋದವನ ಕರಡಿಗೆ ನಮ್ಮ ಕೂಸು ಕಾವಲು ಕೂರ್ಬೇಕಾ?” ಕರುಪ್ಪಣ್ಣನ ದನಿಗೆ ಕಚೇರಿಯೆಲ್ಲ ತಿರುಗಿತು. “ನಮ್ಮ ಕಾಲದಲ್ಲಿ ಮೇಜು ಬಿಡೋನು ಅವನ ಕರಡೆಲ್ಲ ಮುಂದಿನೋನಿಗೆ ಒಪ್ಪಿಸಿ ಹೋಯ್ತಿದ್ದ. ಮಿಷನ್ನು ಬಂದ್ರೆ ಮರ್ಯಾದೆ ಹೋಗ್ಬೇಕಾ?”

ಬೆಂಚಿನ ಮೇಲೆ ಕೂತ ಕರುಪ್ಪಣ್ಣ ತಹಸೀಲ್ದಾರರು ಬರುವವರೆಗೆ ಏಳಲಿಲ್ಲ. ನೀರೂ ಕುಡಿಯಲಿಲ್ಲ. ತಹಸೀಲ್ದಾರರು ಎಲ್ಲ ಕೇಳಿ, ಕಾರಣ ಬರೆದು, ಹಳೆಯದನ್ನು ತಾವೇ ರದ್ದು ಮಾಡಿದರು. ಐದು ನಿಮಿಷದ ಕೆಲಸ! ಅದಕ್ಕೆ ಮೂರು ತಿಂಗಳು, ಒಬ್ಬ ರೋಗಿಷ್ಟನ ಜಗಳ.

ಮರುವಾರ ಕರುಪ್ಪಣ್ಣ ತೀರಿಕೊಂಡರು. ಪತ್ರ ಬಂದದ್ದು ಆಮೇಲೆ.

ಅವರ ಹೆಂಡತಿ ರಾಕ್ಕಮ್ಮ ಸಾವಿನ ಮನೆ ಬಿಟ್ಟು ನಮ್ಮ ಸಂತೋಷದ ಊಟಕ್ಕೆ ಬರುವಂತಿಲ್ಲ. ಅದಕ್ಕೇ ಇವತ್ತು ಸಂಜೆ ಅನ್ನ, ಕೋಳಿ ಸಾರಿನ ಪಾತ್ರೆ ಹೊತ್ತು ಮನೆಮಂದಿಯೆಲ್ಲ ಅವರಲ್ಲಿಗೇ ಹೋದೆವು. ಜಗಲಿಯ ಮೇಲೆ ಎಲೆ ಹಾಕಿ ಎಲ್ಲರೂ ಕೂತೆವು. ಹದಿನೆಂಟು ದಿನದಿಂದ ಗಂಜಿಯಲ್ಲೇ ಇದ್ದ ರಾಕ್ಕಮ್ಮ ಎಲೆ ಖಾಲಿ ಮಾಡಿ, ಬಡಿಸುತ್ತಿದ್ದ ದಿವ್ಯಾಳತ್ತ ನೋಡಿದಳು.

“ಇನ್ನೊಂಚೂರು ಸಾರು ಬಿಡು ಕೂಸೇ.”