ದೊಡ್ಡಮ್ಮನ ಕಣ್ಣು, ದೊಡ್ಡಪ್ಪನ ಲೇಸರ್

ಕಣ್ಣಿನ ಪೊರೆ ತೆಗೆಸಲೆಂದು ಮಡಿಕೇರಿಯ ಕಣ್ಣಾಸ್ಪತ್ರೆಯಲ್ಲಿ ಕೂತಿದ್ದೇನೆ. ಕೈಗೊಂದು ಬಣ್ಣದ ಕಾಗದ ಕೊಟ್ಟಿದ್ದಾರೆ: ದೊಡ್ಡದೊಂದು ಕಣ್ಣು, ಅದರೊಳಕ್ಕೆ ನುಗ್ಗುವ ನೀಲಿ ಬೆಳಕು, ಕೆಳಗೆ ‘ಲೇಸರ್’ ಎಂಬ ದಪ್ಪಕ್ಷರ. ಬೆಳಿಗ್ಗೆ ಹೊರಡುವಾಗ ನಾನೂ ಅದನ್ನೇ ಮಾಡಿಸಿಕೊಳ್ಳುವುದೆಂದು ನಿಶ್ಚಯಿಸಿದ್ದೆ; ಭಾವ ಮಾಡಿಸಿಕೊಂಡಿದ್ದಾನೆ, ನಾನೇನು ಕಮ್ಮಿ? ಕಾಗದ ನೋಡಿದ್ದೇ ಸೋಮವಾರಪೇಟೆಯ ದೊಡ್ಡಪ್ಪ ನೆನಪಾಗಿ ಮೈಯೆಲ್ಲ ಉರಿಯಿತು.

ತಮಗೆ ಅರ್ಥವಾಗದ್ದರ ಮೇಲೆ ದೊಡ್ಡಪ್ಪನಿಗೆ ಅಪಾರ ಗೌರವ. ಚೀಲದ ಮೇಲೆ ಇಂಗ್ಲಿಷ್ ಹೆಸರಿದ್ದರೆ ಗೊಬ್ಬರವನ್ನೂ ಕೈಮುಗಿದು ತರುವವರು. ದೊಡ್ಡಮ್ಮ ಹಾಗಲ್ಲ. ಏಲಕ್ಕಿ ಚೀಲ ಹೇರಿಕೊಂಡು ಸಂತೆಗೆ ತಾವೇ ಜೀಪ್ ಓಡಿಸುತ್ತಿದ್ದ ಹೆಂಗಸು. ತವರಿನವರು ಕೊಟ್ಟ ಆ ಜೀಪೊಂದೇ ಅವರ ಸ್ವಂತದ್ದು. ಎರಡೂ ಕಣ್ಣಿಗೆ ಪೊರೆ ಬಂದಾಗ ಅವರು ಕೇಳಿದ್ದು ಇಷ್ಟೇ: “ಬೇಗ ಮಾಡಿಸ್ರೀ, ನಂಗೆ ಗಾಡಿ ಓಡಿಸ್ಬೇಕು.”

ಪೇಟೆಯ ಡಾಕ್ಟರು, ಕೈಯಲ್ಲೇ ಮಾಡುತ್ತೇನೆ, ಮುಂದಿನ ವಾರ ಬನ್ನಿ ಎಂದರು. ದೊಡ್ಡಪ್ಪ ಕೆರಳಿದರು. “ನಮ್ಮ ಮನೆಯವಳಿಗೆ ಕೈಯಲ್ಲಿ ಕುಯ್ಸೋದಾ? ನೋಡ್ದೋರು ಏನಂತಾರೆ!” ಪೊರೆ ಬಂದದ್ದು ದೊಡ್ಡಮ್ಮನಿಗೆ, ಮರ್ಯಾದೆ ಹೋಗುವುದು ಇವರದು! ಲೇಸರಿಗೆ ಹಣ ಹೊಂದಿಸುತ್ತೇನೆಂದು ವರ್ಷ ತಳ್ಳಿದರು. ಕೊನೆಗೆ ಮಾರಿದ್ದು ಏನನ್ನು ಗೊತ್ತೇ? ಅದೇ ಜೀಪನ್ನು. “ಕಣ್ಣು ಕಾಣ್ದೋಳಿಗೆ ಜೀಪ್ ಯಾಕೆ?” ಇಂಥ ತಲೆಗೆ ಕವಿದ ಪೊರೆ ತೆಗೆಯುವ ಯಂತ್ರ ಇನ್ನೂ ಬಂದಿಲ್ಲ. ದೊಡ್ಡಮ್ಮ ಆ ದಿನ ಊಟ ಮಾಡಲಿಲ್ಲ.

ಆ ಹಣ ಹಿಡಿದು ಲೇಸರಿಗೆಂದು ಹೋದರೆ, ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: “ಪೊರೆ ತುಂಬ ಗಟ್ಟಿಯಾಗಿದೆ, ಇದಕ್ಕೆ ಕೈಯಲ್ಲೇ ಸರಿ. ಲೇಸರ್ ಆದರೂ ಅದು ಮೊದಲ ಗೀರು ಹಾಕಿ, ಪೊರೆನ ಸ್ವಲ್ಪ ಸಡಿಲ ಮಾಡುತ್ತೆ ಅಷ್ಟೇ. ತೆಗೆಯೋದು, ಲೆನ್ಸ್ ಕೂರಿಸೋದು ನಾವೇ. ನೋಟದಲ್ಲಿ ಅಂಥ ವ್ಯತ್ಯಾಸ ಏನೂ ಇರಲ್ಲ.” ಕೈಯಲ್ಲೇ ಮಾಡಿದರು, ಚೆನ್ನಾಗಿಯೂ ಆಯಿತು. ದೊಡ್ಡಪ್ಪ ಮಾತ್ರ ಊರೆಲ್ಲ ‘ಲೇಸರ್’ ಎಂದೇ ಹೇಳಿಕೊಂಡು ತಿರುಗಿದರು. ಜೀಪು ಕೊಂಡವರು ಅದನ್ನು ವಾಪಸ್ ಕೊಡಲು ಒಪ್ಪಲಿಲ್ಲ.

ಕಣ್ಣು ವಾಸಿಯಾದ ಮೇಲೆ ದೊಡ್ಡಮ್ಮ ಮೊದಲ ಸಲ ಬಸ್ಸಿನಲ್ಲಿ ಸಂತೆಗೆ ಬಂದರು. ದೊಡ್ಡಪ್ಪನೂ ನಾನೂ ಜೊತೆಗಿದ್ದೆವು. ಎದುರಿನಿಂದ ಅವರದೇ ಜೀಪು ಬಂತು. ಓಡಿಸುತ್ತಿದ್ದವನು ಬೇರೆ ಯಾರೋ. ಅದನ್ನು ಗಮನಿಸದ ದೊಡ್ಡಪ್ಪ ಎದೆಯುಬ್ಬಿಸಿ, “ಹೆಂಗೆ ಕಾಣುತ್ತೆ ಈಗ?” ಎಂದರು.

“ನಂಬರ್ ಪ್ಲೇಟೂ ಕಾಣುತ್ತೆ ಕಣ್ರೀ,” ಎಂದ ದೊಡ್ಡಮ್ಮ, ಜೀಪು ತಿರುವು ದಾಟುವವರೆಗೂ ನಿಂತು ನೋಡಿದರು.

ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ನನ್ನ ಹೆಸರು ಕರೆದು, “ಲೇಸರಾ, ಕೈಯಲ್ಲಾ? ಯಾವ್ದು ಮಾಡಿಸ್ತೀರಾ ಸಾರ್?” ಎಂದಳು.

“ಡಾಕ್ಟರು ಹೇಳಿದ್ದು. ಈ ವಾರವೇ ಆಗಲಿ,” ಎಂದೆ.